ಗೋಡೆಯ ಪ್ಲಗ್ಗಿನ ಮೇಜು

ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಕರೆಂಟು ಹೋಯಿತು. ಫಿಲಿಪ್ಪೀನ್ಸಿನ ಇಲೋಯ್ಲೋ ಮಾರುಕಟ್ಟೆಯ ಆ ಪುಟ್ಟ ಕಾಫಿ ಅಂಗಡಿಯ ಫ್ಯಾನು ಎರಡು ಸುತ್ತು ಸೋಮಾರಿಯಾಗಿ ತಿರುಗಿ ನಿಂತಿತು, ರೇಡಿಯೊದವನು ಅರ್ಧ ಮಾತಿನಲ್ಲೇ ಬಾಯಿ ಮುಚ್ಚಿದ. ಹಸಿಂತಾಳ ಹನ್ನೊಂದು ವರ್ಷದ ಮುದಿ ಲ್ಯಾಪ್‌ಟಾಪು ಮಾತ್ರ, ಏನೂ ಆಗಿಯೇ ಇಲ್ಲವೆಂಬಂತೆ, ಝಗಝಗ ಬೆಳಗುತ್ತಲೇ ಇತ್ತು.

ಅದು ಆರಬೇಕಿತ್ತು. ಆರದಿದ್ದರೆ ಮಾನ ಹೋದಂತೆಯೇ. ಪಟ್ಟೆಂದು ಅದರ ಮುಚ್ಚಳ ಮುಚ್ಚಿ, "ಹೋಯ್ತು ನೋಡಿ ಇದರ ಪ್ರಾಣ," ಎಂದಳು. ತಲೆಯೆತ್ತಿದರೆ, ಅದೇ ಮೇಜಿನ ಆಚೆ ಬದಿಯಲ್ಲಿದ್ದ ರೊಮುಲೊ ಆಗಲೇ ತನ್ನದನ್ನೂ ಮುಚ್ಚಿಬಿಟ್ಟಿದ್ದ.

"ನಂದೂ ಅಷ್ಟೇ, ಮಿಸ್."

"ಅಯ್ಯೋ, ಇಬ್ಬರದ್ದೂ ಒಂದೇ ಗಳಿಗೇಲಿ ಹೋಯ್ತಾ?" ಒಲೆಯ ಹತ್ತಿರದಿಂದ ಕೂಗಿದಳು ಅಂಗಡಿಯ ಒಡತಿ ಮನಾಂಗ್ ಚೋಲಿಂಗ್. "ಐವತ್ತು ವರ್ಷ ಸಂಸಾರ ಮಾಡಿದ ಗಂಡ ಹೆಂಡ್ತಿ ಹೋದ ಹಾಗೆ!" ಎಪ್ಪತ್ತು ದಾಟಿದ ಅವಳು ಊರಿಗೆಲ್ಲ ಮನಾಂಗ್, ಅಂದರೆ ಅಕ್ಕ; ಬಾಯಿಗೆ ಬೀಗವಿಲ್ಲ.

ಹಸಿಂತಾಳಿಗೆ ನಗು ಬರಲಿಲ್ಲ. ಹೊರದೇಶದವರ ಧ್ವನಿಮುದ್ರಣ ಕೇಳಿ ಅಕ್ಷರಕ್ಕಿಳಿಸುವುದು ಅವಳ ಕೆಲಸ. ಹಳೆಯ ಆಪರೇಟಿಂಗ್ ಸಿಸ್ಟಮ್ ಇದ್ದರೆ ಕೆಲಸವಿಲ್ಲ ಎಂದು ಕಚೇರಿಯವರು ಕಳೆದ ವರ್ಷ ಹಟ ಹಿಡಿದಾಗ ಹೊಸದನ್ನು ಹಾಕಿಸಿದ್ದಳು. ಮುದಿಕತ್ತೆಯ ಮೇಲೆ ಮೂರು ಮೂಟೆ ಹೇರಿದಂತಾಯಿತು. ಮೂರು ಗಂಟೆ ಬರುತ್ತಿದ್ದ ಬ್ಯಾಟರಿ ಅರ್ಧ ಗಂಟೆಗಿಳಿದು, ಕೊನೆಗೆ ತಂತಿ ಕಿತ್ತ ಕ್ಷಣವೇ ಎಲ್ಲ ಕಪ್ಪಾಗತೊಡಗಿತು. ಇಡೀ ಅಂಗಡಿಯಲ್ಲಿ ಪ್ಲಗ್ಗು ಇದ್ದದ್ದು ಹಿಂದಿನ ಗೋಡೆಯಲ್ಲಿ ಮಾತ್ರ. ಅಲ್ಲಿ ಆಗಲೇ ಒಬ್ಬ ಭೂಮಾಪನದ ಎಂಜಿನಿಯರು ಕೂತಿದ್ದ, ಈ ರೊಮುಲೊ. ನಕ್ಷೆ ಬಿಡಿಸಲು ಹೊಸ ಸಿಸ್ಟಮ್ ಹಾಕಿಸಿ ಅವನೂ ಇದೇ ಪಾಡು ಪಡುತ್ತಿದ್ದ. ಕುರ್ಚಿ ಸರಿಸಿ ಜಾಗ ಕೊಟ್ಟ. ಪರದೆಯ ಬೆಳಕು ತಗ್ಗಿಸುವುದನ್ನು ಹೇಳಿಕೊಟ್ಟ. ಮರುದಿನದಿಂದ ತಾನು ತಂದ ಅಂಟಕ್ಕಿಯ ಕಡುಬಿನಲ್ಲಿ ಅರ್ಧ ಮುರಿದು ಅವಳ ತಟ್ಟೆಗೂ ಇಡತೊಡಗಿದ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತೆಂದು ಒಂದೇ ಒಂದು ಸಲ ಹೇಳಿದ್ದ.

ತಾಯಿಯ ಆರೈಕೆ ಮಾಡುತ್ತಲೇ ನಲವತ್ತೊಂದು ತುಂಬಿದವಳು ಹಸಿಂತಾ. ಎರಡು ತಿಂಗಳ ಹಿಂದೆ ತಮ್ಮನ ಮಗಳು ಬಂದು, ಬ್ಯಾಟರಿ ಬದಲಿಸಿ, ಕಚೇರಿಯೂ ಒಪ್ಪುವಂಥ ಹಗುರವಾದ ಸಿಸ್ಟಮ್ ಹಾಕಿಕೊಟ್ಟು ಹೋದಳು. ಈಗ ನಾಲ್ಕು ಗಂಟೆ ತಂತಿಯ ಹಂಗಿಲ್ಲ. ಬೇಕಾದರೆ ಬಾಗಿಲ ಪಕ್ಕ ಗಾಳಿಗೆ ಕೂರಬಹುದಿತ್ತು. ಆದರೆ ಅವಳಿಗೆ ಗಾಳಿ ಬೇಕಿರಲಿಲ್ಲ, ಈ ಮನುಷ್ಯ ಬೇಕಿದ್ದ. ಹೇಳಲು ಬಾಯಿ ಬಾರದೆ ದಿನವೂ ಬಂದು ತಂತಿ ಸಿಕ್ಕಿಸಿ ಕೂರುತ್ತಿದ್ದಳು. ಇಬ್ಬರಿಗೂ ಒಂದೇ ಕಷ್ಟ ಎನ್ನುವುದೊಂದೇ ಆ ಮೇಜಿನ ನಂಟು. ಅದೂ ಸುಳ್ಳೆಂದು ಅವನಿಗೆ ಗೊತ್ತಾದರೆ ಯಾವ ಮುಖ ಹೊತ್ತು ಅಲ್ಲಿ ಕೂರುವುದು?

"ಸಂಜೆ ಆರರ ತನಕ ಬರಲ್ವಂತೆ ಕರೆಂಟು," ಎಂದಳು ಮನಾಂಗ್. "ಯಂತ್ರ ಸತ್ತೋರು ಮನೆಗೆ ಹೋಗಿ ಮಲಗಿ. ತೋತೋ, ನಿಂಗೇ ಹೇಳಿದ್ದು ಮಗಾ." ಅವಳ ಕಣ್ಣು ರೊಮುಲೊನ ಮೇಲಿತ್ತು.

ಈಗ ಎದ್ದು ಹೋಗುತ್ತಾನೆ ಎಂದುಕೊಂಡಳು ಹಸಿಂತಾ. ರೊಮುಲೊ ಬಾಗಿಲ ಕಡೆ ನೋಡಿದ, ಏಳಲಿಲ್ಲ.

"ಮಳೆ ಬರೋ ಹಾಗಿದೆ ಮನಾಂಗ್. ನಿಂತ ಮೇಲೆ ಹೋಗ್ತೀನಿ."

"ಯಾವ ಊರಿನ ಮಳೆಯೋ ಮಾರಾಯ! ಹೊರಗೆ ನನ್ನ ಮೀನೆಲ್ಲ ಬಿಸಿಲಿಗೆ ಕಡ್ಡಿ ಆಗ್ತಿದೆ." ಗೊಣಗುತ್ತಲೇ ಅವಳು ಬಿಸಿಲು ಬಾರದಂತೆ ಬಾಗಿಲಿಗೆ ಬಿದಿರಿನ ತಟ್ಟಿ ಇಳಿಬಿಟ್ಟು, ಮೀನು ಮಗುಚಲು ಹೊರಗೆ ಹೋದಳು.

ಅಂಗಡಿಯ ಹಿಂಭಾಗ ಮಬ್ಬಾಯಿತು. ರೊಮುಲೊ ಸೆಕೆಯೆಂದು ತಲೆಯ ಮೇಲಿನ ತಾಳೆಗರಿಯ ಟೋಪಿ ತೆಗೆದು ತನ್ನ ಲ್ಯಾಪ್‌ಟಾಪಿನ ಮೇಲಿಟ್ಟ. ಆಗಲೇ ಹಸಿಂತಾಳಿಗೆ ನೆನಪಾದದ್ದು, ಲ್ಯಾಪ್‌ಟಾಪಿನ ಅಂಚಿನ ಆ ಪುಟ್ಟ ದೀಪ. ಮುಚ್ಚಳ ಮುಚ್ಚಿದರೂ, ಬ್ಯಾಟರಿಯಲ್ಲಿ ಜೀವವಿರುವಷ್ಟು ಹೊತ್ತು ಅದು ಮೆಲ್ಲಗೆ ಹೊತ್ತಿ ಆರುತ್ತಲೇ ಇರುತ್ತದೆ. ಗಾಬರಿಯಿಂದ ಕಾಫಿಯ ಲೋಟವನ್ನು ತನ್ನದರ ದೀಪಕ್ಕೆ ಅಡ್ಡ ಇಟ್ಟಳು.

"ನಿಮ್ಮ ಕೆಲಸ ನಿಂತೋಯ್ತಲ್ಲ, ಮಿಸ್."

"ನಾಳೆ ಮಾಡಿದ್ರಾಯ್ತು, ಎಂಜಿನಿಯರ್. ನಿಮ್ಮ ನಕ್ಷೆ?"

"ಗದ್ದೆ ಎಲ್ಲಿಗೂ ಓಡಿಹೋಗಲ್ಲ ಬಿಡಿ."

ಕೆಲಸದ ನೆಪವಿಲ್ಲದೆ ಅವರು ಎದುರುಬದುರು ಕೂತದ್ದು ಅದೇ ಮೊದಲು. ಕೈ ಎಲ್ಲಿಡಬೇಕೋ ಅವಳಿಗೆ ತಿಳಿಯಲಿಲ್ಲ. ಇಷ್ಟು ಹತ್ತಿರವಿದ್ದೂ ಇವನಿಗಾಗಿ ಇಷ್ಟು ಹಂಬಲಿಸುತ್ತಿದ್ದೇನಲ್ಲ ಎನಿಸಿತು. ಅವನ ಕಣ್ಣು ತಪ್ಪಿಸಲು ಮೇಜಿನ ಮೇಲಿನ ಟೋಪಿಯನ್ನು ನೋಡಿದಳು. ನೋಡುತ್ತಲೇ ಇದ್ದುಬಿಟ್ಟಳು. ತಾಳೆಗರಿಯ ಹೆಣಿಗೆಯ ಸಂದಿನಲ್ಲಿ ಬಿಳಿಯ ಬೆಳಕೊಂದು ಮೆಲ್ಲಗೆ ಹೊತ್ತುತ್ತಿತ್ತು, ಆರುತ್ತಿತ್ತು, ಮತ್ತೆ ಹೊತ್ತುತ್ತಿತ್ತು.

ಹಸಿಂತಾ ದೀಪಕ್ಕೆ ಅಡ್ಡ ಇಟ್ಟಿದ್ದ ತನ್ನ ಕಾಫಿಯ ಲೋಟವನ್ನು ಎತ್ತಿ ಪಕ್ಕಕ್ಕಿಟ್ಟಳು.