ಒಪ್ಪತ್ತಿನ ರಕ್ತ

“ನನಗ ಸಕ್ಕರಿ ಕಾಯಿಲಿ ಇಲ್ಲೇ ಇಲ್ಲ. ಬ್ಯಾರೆ ಯಾರದೋ ನನಗ ಹೇಳಾಕತ್ತೀರಿ ನೀವು,” ಎಂದು ಈರಯ್ಯ ಡಾಕ್ಟರ ಮೇಜು ಗುದ್ದಿದ.

ರಾಯಚೂರಿನ ಕಣ್ಣಿನ ಡಾಕ್ಟರು ಜಬೀನ್ ಉರುಳಿದ ಪೆನ್ನನ್ನು ಹಿಡಿದು ಪಕ್ಕಕ್ಕಿಟ್ಟರು. ಎಡಗಣ್ಣಿನೊಳಗೆ ರಕ್ತ ಸೋರಿದೆ, ಇದು ವರ್ಷಗಟ್ಟಲೆ ಒಳಗೇ ಬೆಳೆದ ಸಕ್ಕರೆ ಕಾಯಿಲೆಯ ಕೆಲಸ ಎಂದು ಅವರು ಆಗಲೇ ಎರಡು ಸಲ ಹೇಳಿದ್ದರು. ಸಿರವಾರದ ತನ್ನ ಅಕ್ಕಿ ಗಿರಣಿಯಲ್ಲಿ ಎದುರು ಮಾತನ್ನೇ ಕೇಳಿ ಗೊತ್ತಿಲ್ಲದ ಈರಯ್ಯನಿಗೆ ಡಾಕ್ಟರ ಮಾತು ಯಾವ ಲೆಕ್ಕ. ಪಕ್ಕದ ಕುರ್ಚಿಯಲ್ಲಿ ಹೆಂಡತಿ ಮಹಾಂತಮ್ಮ ಕೂತಿದ್ದಳು. ರಾಯಚೂರಿಗೇ ಕೊಟ್ಟ ಮಗಳು ಸುನಂದಾ ಹಿಂದೆ ನಿಂತಿದ್ದಳು.

“ವರ್ಷಾ ವರ್ಷಾ ತಪ್ಪದ ರಕ್ತ ತೋರಸ್ತೀನ್ರಿ. ಒಮ್ಮಿನೂ ಹೆಚ್ಚು ಬಂದಿಲ್ಲ.”

“ಯಾವಾಗ ತೋರಸ್ತೀರಿ?”

“ಶ್ರಾವಣದಾಗ. ಕಡೀ ಸೋಮವಾರ ಮುಂಜಾನಿ.”

ಸುನಂದಾಳಿಗೆ ತಡೆಯಲಾಗಲಿಲ್ಲ. “ಶ್ರಾವಣ ಪೂರ್ತಿ ಒಪ್ಪತ್ತು ಇರ್ತಾನ್ರಿ ಮೇಡಂ. ದಿನಕ್ಕ ಒಂದ ಊಟ, ಅದೂ ಅನ್ನ ಬಿಟ್ಟು, ಸಿಹಿ ಬಿಟ್ಟು. ತಿಂಗಳು ಮುಗೀತು ಅಂದ್ರ ಮತ್ತ ಹೋಳಿಗಿ, ಮಿರ್ಚಿ ಭಜಿ, ಮೂರು ಹೊತ್ತು ಅನ್ನ. ಯಪ್ಪಾ, ಮ್ಯಾಲ ಒಣ ಭತ್ತ, ತಳಕ್ಕ ಹಸಿ ಭತ್ತ ತುಂಬಿ ತಂದ ರೈತನ್ನ ಏನಂತ ಬೈತೀ ನೀ? ಚೀಲದ ತಳಕ್ಕೂ ಕೊಳವಿ ಚುಚ್ಚಿ ಕಾಳು ತಗದು ನೋಡ್ತೀ. ನಿನ್ನ ರಕ್ತದಾಗ ಮಾತ್ರ ಮ್ಯಾಲಿನ ಒಣ ಭತ್ತ ತೋರಿಸಿಕೋತ ಬಂದೀದಿ.”

“ದೇವರ ಸುದ್ದಿಗೆ ಬರಬ್ಯಾಡ.”

“ದೇವರ ಹೆಸರಿಲೇ ಮೋಸ ಮಾಡೀದಿ.”

ಅದರಿಂದ ದೇವರಿಗೆ ಹೋದದ್ದೇನೂ ಇಲ್ಲ. ಹೋಗುತ್ತಿರುವುದು ಈರಯ್ಯನ ಕಣ್ಣು. ಅಷ್ಟಾದರೂ ಅವನ ಗತ್ತು ಇಳಿದಿರಲಿಲ್ಲ.

ಜಬೀನರ ದನಿಯೂ ಬಿರುಸಾಯಿತು. “ಮೂವತ್ತು ದಾಟಿದ ಮ್ಯಾಲೆ ಎಲ್ಲಾರೂ ವರ್ಷಕ್ಕೊಮ್ಮೆ ಸಕ್ಕರಿ, ಬಿಪಿ ನೋಡಿಸ್ಕೋಬೇಕ್ರಿ. ತಿಂಗಳ ಪೂರ್ತಿ ಉಪವಾಸ ಮಾಡಿ ಪಾಸಾಗೂ ಪರೀಕ್ಷಾ ಅಲ್ಲ ಅದು. ನಿಮ್ಮ ಮನಿಯವರದು ಎಂದರ ನೋಡಿಸೀರೇನು?”

“ಆಕೀಗೇನಾಗ್ಯಾದ? ಕಲ್ಲಿನಂಗ ಅದಾಳ. ಮಾನ್ವಿಯಾಗ ಪುಕ್ಕಟೆ ಸಕ್ಕರಿ ತಪಾಸಣಿ ಕ್ಯಾಂಪ್ ಇದ್ದಾಗ ಹೊಂಟು ನಿಂತಿದ್ಲು, ನಾನ ಬ್ಯಾಡಂದೆ. ಇಲ್ಲದ ರೋಗ ಹುಡಿಕ್ಕೊಂಡು ಯಾಕ ಹೋಗೂದು? ಬರೂ ಶ್ರಾವಣದಾಗ ಇಬ್ಬರೂ ತೋರಸ್ತೀವಿ, ಆತಲ್ಲ?”

ಮಹಾಂತಮ್ಮ ಎದ್ದಳು. ಚಪ್ಪಲಿ ಬಿಟ್ಟು, ಸೀರೆಯ ಅಂಚೆತ್ತಿ, ಬಲಗಾಲನ್ನು ತಂದು ಗಂಡನ ಎದುರಿನ ಸ್ಟೂಲಿನ ಮೇಲಿಟ್ಟಳು. ಎರಡನೆಯ ಬೆರಳು ಬಾತು ಕಪ್ಪಾಗಿತ್ತು, ಗಾಯದಿಂದ ಕೀವು ಒಸರುತ್ತಿತ್ತು. ಸುನಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಈರಯ್ಯ ಮಬ್ಬುಗಣ್ಣನ್ನು ಕಿರಿದು ಮಾಡಿಕೊಂಡು ಬಗ್ಗಿದ.

“ಗಾಯ ಮಾಯಲಿಲ್ಲ. ಬೆರಳು ಬಾತು, ಕಾಲುಂಗುರ ಕೊಯ್ಸಿ ತಗಿಸಿದೆ. ದಸರಾದಾಗ,” ಎಂದಳು. “ಗಂಡ ಇದ್ದಾಕಿ ಕಾಲುಂಗುರ ಇಲ್ಲದ ಮೂರೂ ಹೊತ್ತು ನಿಮ್ಮ ಮುಂದ ನಿಂತು ಉಣ್ಣಾಕ ನೀಡೀನಿ. ಆಗ ನಿಮಗ ಎರಡೂ ಕಣ್ಣು ಚೊಲೋ ಇದ್ವು.”