ಮೂವತ್ತೆರಡರಿಂದ ಐವತ್ತಕ್ಕೆ

ಕೊತ್ತಂಬರಿ ಸೊಪ್ಪಿನ ವಾಸನೆ ಬಂದರೆ ನನ್ನ ಕೈ ಈಗಲೂ ಚಿಲ್ಲರೆ ಹುಡುಕುತ್ತದೆ.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅಜ್ಜಿ ಸೊಪ್ಪು ಮಾರುತ್ತಿದ್ದಳು. ಕಳೆಯುವ ಲೆಕ್ಕವನ್ನು ನಾನು ಅವಳಂತೆ ಚಿಕ್ಕ ಸಂಖ್ಯೆಯಿಂದ ಮೇಲಕ್ಕೆ ಎಣಿಸಿ ಮಾಡಿದ್ದಕ್ಕೆ, ಉತ್ತರ ಸರಿಯಿದ್ದರೂ ಮೇಷ್ಟ್ರು ಕೆಂಪು ಗೀಟು ಎಳೆದಿದ್ದರು.

ಆ ಶನಿವಾರ ಮಧ್ಯಾಹ್ನ ಅವರೇ ಬಂದು, ಮೂವತ್ತೆರಡು ರೂಪಾಯಿಯ ಸೊಪ್ಪು ಕೊಂಡು ಐವತ್ತರ ನೋಟು ಚಾಚಿದರು.

"ಚಿಲ್ಲರೆ ನೀನೇ ಕೊಡೇ," ಎಂದಳು ಅಜ್ಜಿ.

ಒದ್ದೆ ನಾಣ್ಯಗಳನ್ನು ಅವರ ಅಂಗೈಗೆ ಹಾಕುತ್ತಾ ಎಣಿಸಿದೆ. "ಮೂವತ್ಮೂರು, ಮೂವತ್ತೈದು, ನಲವತ್ತು." ಮೇಲೆ ಹತ್ತರ ನೋಟಿಟ್ಟೆ. "ಐವತ್ತು, ಸಾರ್."

"ಇದ್ರಲ್ಲಿ ಕಳೆದಿದ್ದೆಲ್ಲಿ?" ಎಂದರು ಅವರು.

"ಯಾಕೆ ಮೇಷ್ಟ್ರೇ, ಕಮ್ಮಿ ಬಂತಾ?" ಎಂದಳು ಅಜ್ಜಿ.

ಸೋಮವಾರ ಅವರು ಅದೇ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು, "ಪುಸ್ತಕದಲ್ಲಿರೋ ಹಾಗೆ ಮಾಡು," ಎಂದು ಸೀಮೆಸುಣ್ಣ ಕೊಟ್ಟರು. ನಾನು ಮೂವತ್ತೆರಡರಿಂದಲೇ ಶುರು ಮಾಡಿದೆ.