ಎರಡನೆಯ ಕುರಿ

ಯಲ್ಲಾರಿಯ ಹುಲಿ ಒಂದು ಕುರಿಯ ಮೇಲಿಂದ ಹಾರಿತು. ಇಳಿದ ಮನೆಯಿಂದಲೇ ಇನ್ನೊಂದರ ಮೇಲಿಂದಲೂ ಹಾರಿತು. ಕುರಿಗಳೆಂದು ಇಟ್ಟಿದ್ದ ಆ ಎರಡೂ ಹುಣಸೆಬೀಜಗಳನ್ನು ಎತ್ತಿಕೊಂಡು ಅವನು ಮೀಸೆಯ ಮೇಲೆ ಕೈಯಾಡಿಸಿದ. "ಐದ ಕುರಿ ಆದ್ವು. ಆಟ ಮುಗೀತು. ಹೊಳಿ ದಂಡಿ ಹೊಲ ನಂದು."

ಅಣ್ಣ ದುರ್ಗಪ್ಪ ಅವನ ಮಣಿಕಟ್ಟು ಹಿಡಿದ. "ಒಂದ ಬೀಜ ತಿರುಗಿ ಇಡು. ಹುಲಿ ಒಂದ ಪಾಳ್ಯಾಗ ಒಂದ ಸಲ ಹಾರತೈತಿ. ಈಗ ಪಾಳಿ ನಂದು. ಉಳಿದ ಹುಲಿ ಕಟ್ಟೇನಿ, ಇದೊಂದ ಕಟ್ಟಿದ್ರ ಆಟ ನಂದು."

"ಮುಂದ ಜಾಗಾ ಖಾಲಿ ಇದ್ರ ಎರಡೂ ಹಾರಬಹುದು. ಸಣ್ಣಾಂವ ಇದ್ದಾಗಿಂದ ಹಂಗ ಆಡೀನಿ. ಕಲಿಸಿದಾಕಿ ಅಲ್ಲೇ ಕುಂತಾಳ, ಕೇಳು."

ಕಲಿಸಿದವಳು ಕಾಡವ್ವ, ಇಬ್ಬರ ತಾಯಿ, ಪಡಸಾಲೆಯ ಕಂಬಕ್ಕೆ ಒರಗಿದ್ದಳು. ಗಂಡ ಸತ್ತಾಗಿನಿಂದ ಪಾಲಿನ ಜಗಳ ಕೇಳಿ ಕೇಳಿ ಅವಳ ಜೀವ ಹಣ್ಣಾಗಿತ್ತು. ಹೊಳೆದಂಡೆಯ ಕಪ್ಪು ನೆಲ ಇಬ್ಬರಿಗೂ ಬೇಕು, ಗುಡ್ಡದ ಕೆಳಗಿನ ಕಲ್ಲುಹೊಲ ಯಾರಿಗೂ ಬೇಡ. ಚೀಟಿ ಎತ್ತಿರೆಂದರೆ ಚೀಟಿ ಮಡಚುವವರ ಮೇಲೇ ಸಂಶಯ. ಸಾಕಾಗಿ ಅವಳೇ, "ಹುಲಿ-ಕುರಿ ಆಡಿ ತೀರಿಸ್ಕೋರಿ" ಎಂದಿದ್ದಳು. ಮೀಸೆ ನರೆಯುವ ವಯಸ್ಸಿನ ಮಕ್ಕಳು ಮುಂಜಾನೆ ಗಿರಣಿಯ ಭೋಂಗಾ ಕೂಗಿದಾಗ ಕೂತವರು, ಊಟದ ಹೊತ್ತಾದರೂ ಎದ್ದಿರಲಿಲ್ಲ. ಇಂಥ ಬುದ್ಧಿ ತನಗೆ ಯಾಕಾದರೂ ಹೊಳೆಯಿತೋ ಎಂದು ಅವಳು ಹಣೆ ಹಣೆ ಬಡಿದುಕೊಂಡಳು.

"ಹೇಳಬೇ," ಎಂದ ದುರ್ಗಪ್ಪ. ಅವನಿಗೆ ಎಲ್ಲ ನೆನಪಿದೆ ಎಂದು ಅವನ ಕಣ್ಣು ನೋಡಿಯೇ ಅವಳಿಗೆ ತಿಳಿಯಿತು.

ಪ್ಲೇಗಿನ ವರ್ಷ ಕೊಣ್ಣೂರಿಗೆ ಕೊಣ್ಣೂರೇ ಹೊಲಗಳಲ್ಲಿ ಗುಡಿಸಲು ಹಾಕಿತ್ತು. ಐದು ವರ್ಷದ ಯಲ್ಲಾರಿಗೆ ಚಳಿಜ್ವರ, ನುಚ್ಚು ಕಂಡರೆ ಮುಖ ತಿರುವುತ್ತಿದ್ದ. ಹುಲಿ ಒಂದು ಕುರಿ ತಿಂದರೆ ನೀನೂ ಒಂದು ತುತ್ತು ತಿನ್ನಬೇಕು ಎಂದು ಕಾಡವ್ವ ಅವನನ್ನು ಅಣ್ಣನ ಎದುರು ಆಟಕ್ಕೆ ಕೂಡಿಸಿದಳು. ಒಂದೊಂದೇ ತುತ್ತಿನಲ್ಲಿ ಹೊಟ್ಟೆ ಎಲ್ಲಿ ತುಂಬಬೇಕು? ಹತ್ತು ವರ್ಷದ ದುರ್ಗಪ್ಪನ ಕಿವಿಯಲ್ಲಿ ಹೇಳಿದಳು: ತಮ್ಮನ ಹುಲಿ ಎರಡೆರಡು ಹಾರಲಿ, ನೀ ಸುಮ್ಮನಿರು. ದುರ್ಗಪ್ಪ ಸುಮ್ಮನಿದ್ದ. ಜ್ವರ ಬಿಟ್ಟ ಮೇಲೂ, ಅವರು ಆಟ ಬಿಡುವ ತನಕ, ಸೋತು ಸೋತು ಸುಮ್ಮನಿದ್ದ. ಯಲ್ಲಾರಿ ಬೇರೆ ಯಾರ ಜೊತೆಗೂ ಆಡಿದವನಲ್ಲ.

ಮೂವತ್ತು ವರ್ಷ ಬಾಯಿ ಬಿಡದವನಿಗೆ ಇನ್ನೊಮ್ಮೆ ಸುಮ್ಮನಿರು ಎನ್ನುವ ತ್ರಾಣ ಕಾಡವ್ವನಲ್ಲಿ ಉಳಿದಿರಲಿಲ್ಲ.

"ಹುಲಿ ಒಂದ ಹಾರತೈತಿ, ಯಲ್ಲಾರಿ. ಎರಡಂತ ನಾ ಹೇಳಿದ್ದು ನೀ ನಾಕು ತುತ್ತು ಜಾಸ್ತಿ ಉಣ್ಣಲಿ ಅಂತ. ನಿಮ್ಮಣ್ಣನ ಬಾಯಿ ನಾನ ಮುಚ್ಚಿಸಿದ್ನಿ."

ಯಲ್ಲಾರಿ ಜಗಳ ತೆಗೆಯಲಿಲ್ಲ. ಹೊಲದ ಮಾತನ್ನೂ ಎತ್ತಲಿಲ್ಲ. ಎರಡನೆಯ ಬೀಜವನ್ನು ಇದ್ದಲ್ಲಿಟ್ಟು, ಹುಲಿಯನ್ನು ಮೊದಲು ಹಾರಿ ಇಳಿದ ಮನೆಗೆ ಸರಿಸಿದ. ಆಮೇಲೆ ತಲೆ ಎತ್ತಿ ಕೇಳಿದ:

"ಹಂಗಾರ ಅಣ್ಣಾ, ನಾ ನಿನ್ನ ಕೂಡ ಒಂದ ಆಟನೂ ಗೆದ್ದಿಲ್ಲೇನು?"

ಆ ಹುಲಿಯನ್ನು ಕಟ್ಟಲು ಒಂದೇ ಕುರಿ ಸರಿಸಿದರೆ ಸಾಕಿತ್ತು. ಆ ಕುರಿಯನ್ನು ಹಿಡಿದಿದ್ದ ದುರ್ಗಪ್ಪನ ಕೈ ಅಲ್ಲೇ ನಿಂತಿತು.